ಕುರ್ಚಿ ಪುಸ್ತಕ

ನಮ್ಮ ಸಭೆಗೆ ಗೋಪುರವಿಲ್ಲ.
ಕಾಚರಕನಹಳ್ಳಿಯ ಅಡ್ಡರಸ್ತೆಯಲ್ಲಿ
ಕೆಳಗೆ ಪೇಂಟ್ ಅಂಗಡಿ, ಮೇಲೆ ತಗಡಿನಡಿ ನಾವು;
ಟರ್ಪೆಂಟೈನ್ ವಾಸನೆಯಲ್ಲೇ ಆರಾಧನೆ.
ಗಂಟೆಯೂ ಇಲ್ಲ. ಭಾನುವಾರ
ಜೀವರತ್ನಂ ಅಯ್ಯನವರ ಸ್ಕೂಟರು ಕೆಮ್ಮಿದರೆ
ಹೊತ್ತಾಯಿತೆಂದು ಬೀದಿಗೆ ತಿಳಿಯುತ್ತದೆ.

ಆಸ್ತಿ ಅಂತ ಇರುವುದು
ಅರವತ್ತನಾಲ್ಕು ಕೆಂಪು ಕುರ್ಚಿ.
ಬೆನ್ನಿಗೆ ಬಿಳಿ ಬಣ್ಣದಲ್ಲಿ ಕೃ. ಪ್ರಾ. ಮಂ.
ಕೃಪಾ ಪ್ರಾರ್ಥನಾ ಮಂದಿರ ಎಂದು ಪೂರ್ತಿ ಬರೆಯಲು
ಪ್ಲಾಸ್ಟಿಕ್ಕಿನ ಬೆನ್ನು ಸಾಲಲಿಲ್ಲ.
ಅವುಗಳ ಲೆಕ್ಕ ನನ್ನದು.
ಇಪ್ಪತ್ತೊಂಬತ್ತು ವರ್ಷ ಬಸ್ಸಿನ ಕಂಡಕ್ಟರು ನಾನು,
ಎಣಿಸುವ ಚಟ ಪಿಂಚಣಿಯ ಜೊತೆಗೇ ಬಂತು.

ಪುಸ್ತಕ ತೆಗೆದು ನೋಡಿ:
ಮುನಿಚಿನ್ನಮ್ಮನ ಮೊಮ್ಮಗಳ ಆರತಿಗೆ ನಲವತ್ತು.
ಗೌಸ್ ಪೀರ್ ಮನೆಯ ಇಫ್ತಾರಿಗೆ ಇಪ್ಪತ್ತು,
ವಾಪಸು ಬಂದಾಗ ಒಂದರ ಕೈಗೆ ಖರ್ಜೂರದ ಅಂಟು.
ಗಣಪತಿ ಪೆಂಡಾಲಿಗೆ ಹದಿನೆಂಟು;
ಹುಡುಗರೇ ಹೊತ್ತರು, ಹುಡುಗರೇ ತೊಳೆದರು,
ಗುಲಾಲು ಮಾತ್ರ ಸಂದಿಯಲ್ಲಿ ಉಳಿದುಬಿಟ್ಟಿತು.
ಓಟಿನ ಬೂತಿಗೆ ಆರು.
ಒಂದು ಕುಂಟಿಕೊಂಡು ಬಂತು, ಯಾರೂ ಒಪ್ಪಿಕೊಳ್ಳಲಿಲ್ಲ.
ಸಾವಿಗೆ ಎಷ್ಟು ಅಂತ ಬರೆಯುವುದಿಲ್ಲ.
ಸಾವಿಗೆ ಕೇಳಿದಷ್ಟು.

ಹಾಗಾಗಿ ಎಷ್ಟೋ ಭಾನುವಾರ
ಸಭೆಗೇ ಕುರ್ಚಿ ಇಲ್ಲ.
“ಕೂತರೆ ನಿದ್ದೆ ಬರುತ್ತೆ, ನಿಂತೇ ಕೇಳಿ” ಎಂದು
ಅಯ್ಯನವರು ಹನ್ನೊಂದೇ ನಿಮಿಷಕ್ಕೆ ಪ್ರಸಂಗ ಮುಗಿಸುತ್ತಾರೆ.
ಅಂಥ ದಿನ ಕಾಣಿಕೆ ಜಾಸ್ತಿ ಬೀಳುತ್ತದೆ.
ಕಾರಣ ನಾನು ಬರೆದಿಟ್ಟಿಲ್ಲ.

ಗರಿಗಳ ಭಾನುವಾರದ ಹಿಂದಿನ ಸಂಜೆ
ಅರವತ್ತಮೂರೇ ಆಯಿತು.
ಮೂರು ಸಲ ಎಣಿಸಿದೆ, ಮೆಟ್ಟಿಲ ಕೆಳಗೂ ನೋಡಿದೆ.
ಪುಸ್ತಕ ಕಂಕುಳಲ್ಲಿಟ್ಟು ಮನೆಮನೆ ಕೇಳುತ್ತ
ರೈಲು ಹಳಿಯ ಪಕ್ಕದ ವಠಾರಕ್ಕೆ ಬಂದೆ,
ಬಾಯಲ್ಲಿ ಬೈಗುಳ ಸಿದ್ಧವಿತ್ತು.

ಪಿಳ್ಳಮ್ಮನ ಮನೆ. ಮೂವತ್ತು ವರ್ಷ
ನಮ್ಮ ಬೀದಿ ಗುಡಿಸಿದ ಸೊಂಟ
ಮುರಿದು ಮಲಗಿ ಎರಡು ತಿಂಗಳು.
ಗೋಣಿ ಪರದೆಯ ಹಿಂದೆ ಕುರ್ಚಿ:
ನಡುವೆ ಗರಗಸ ಕೊರೆದ ದುಂಡು ತೂತು,
ತೊಡೆಗೆ ತರಚಬಾರದೆಂದು ಅಂಚಿಗೆ
ಹಳೆ ಸೀರೆ ಸುತ್ತಿ ಹೊಲಿದ ಮೆತ್ತೆ,
ಕೆಳಗೆ ಬಕೆಟ್ಟು.

ಸೊಸೆ ಆಗಷ್ಟೇ ಗಾರ್ಮೆಂಟ್ಸಿನಿಂದ ಬಂದಿದ್ದಳು,
ಕೂದಲಲ್ಲಿ ಇನ್ನೂ ನೂಲಿನ ಎಳೆ.
“ಇದಕ್ಕೆ ಅಂತ ಹೆಂಗೆ ಕೇಳೋದಣ್ಣ,
ದೇವರ ಕುರ್ಚಿ.
ಸಂಬಳ ಆದ್ಮೇಲೆ ಹೊಸದು ತಂದಿಡ್ತೀನಿ.”
ಬೆನ್ನಿನ ಅಕ್ಷರ ಅಲ್ಲಿರಬಾರದೆಂದು
ಸೀಮೆಎಣ್ಣೆ ಹಾಕಿ ಉಜ್ಜಿದ್ದಳು.
ಕೃ ಮಾತ್ರ ಹೋಗಿರಲಿಲ್ಲ.
ಒಳಗಿನಿಂದ ಪಿಳ್ಳಮ್ಮ: “ಯಾರದು, ಕಸದೋರಾ?”
“ಅಲ್ಲಮ್ಮ, ಕುರ್ಚಿಯವನು” ಎಂದೆ.
ಬೈಗುಳ ಎಲ್ಲಿ ಹೋಯಿತೋ.

ರಾತ್ರಿ ಪುಸ್ತಕದ ಮುಂದೆ ಕೂತೆ.
ಹೋದದ್ದು, ಬಂದದ್ದು, ಮುರಿದದ್ದು;
ಇರುವುದು ಮೂರೇ ಮನೆ, ಮೂರರಲ್ಲೂ ಇದು ಕೂರದು.
ಕೊನೆಗೆ ಹಳೆ ಕೆಲಸವೇ ಕೈಹಿಡಿಯಿತು,
ಬರೆದೆ: ಒಂದು, ಪಾಸ್.

“ಏನ್ರೀ ಇದು ಪಾಸು?” ಅಯ್ಯನವರು ಕನ್ನಡಕ ಏರಿಸಿದರು.
ಹೇಳಿದೆ. ಮಾತಾಡಲಿಲ್ಲ.
ಪ್ರಾರ್ಥನೆ ಮಾಡೋಣ ಅಂತಲೂ ಅನ್ನಲಿಲ್ಲ,
ಸ್ಕೂಟರು ಕೆಮ್ಮಿಸಿಕೊಂಡು ಹೋಗಿಬಿಟ್ಟರು.

ಬುಧವಾರ ಪೇಂಟ್ ಅಂಗಡಿಯವನ ಹತ್ತಿರ
ಗರಗಸ ಕೇಳಿಕೊಂಡು ಮೇಲೆ ಬಂದರು.
ಹಳಿಯ ಆ ಬದಿಗೆ ಇನ್ನೂ ಇಬ್ಬರಿದ್ದಾರಂತೆ.

ನಾನು ಕುರ್ಚಿ ಅದುಮಿ ಹಿಡಿದೆ, ಅವರು ಕೊರೆದರು.
ಕೆಂಪು ಪುಡಿ ಬಿಳಿ ಅಂಗಿಯ ಮೇಲೆಲ್ಲ.
ಈಗ ಅರವತ್ತೊಂದು.