ಲಾಭ, ಎರಡು, ಮೂರು

ಸಿದ್ದಾಪುರದಾಚೆ, ಪಾಲಿಬೆಟ್ಟದ ದಾರಿಯ ತೋಟವೊಂದರಲ್ಲಿ
ನನ್ನನ್ನು ರೈಟರ್ ಎನ್ನುತ್ತಾರೆ.
ಬರೆಯುವುದಿಷ್ಟೇ: ಹೆಸರು, ಚೀಲ, ಕಿಲೋ.
ನಾಲ್ಕೂವರೆಗೆ ತಕ್ಕಡಿಯ ಮುಂದೆ ಸಾಲು,
ಕಾಫಿಹಣ್ಣಿನ ಅಂಟು ಲೆಡ್ಜರಿನ ಮೂಲೆಮೂಲೆಗೆ.

ನಲವತ್ತಮೂರಕ್ಕೆ ಕೋಡಿಂಗ್ ಕಲಿಯಲು ಕೂತೆ.
ಆಫೀಸಿನವರು ಬಿಸಾಕಿದ ಲ್ಯಾಪ್‌ಟಾಪು, ಎಂಟರ ಕೀಲಿಯಿಲ್ಲ,
ಎಂಟು ಬೇಕಾದಲ್ಲೆಲ್ಲ ಏಳು ಕೂಡಿಸು ಒಂದು.
ನೆಟ್‌ವರ್ಕು ಸಿಗುವುದು ಪಲ್ಪರ್ ಶೆಡ್ಡಿನ ಮೆಟ್ಟಿಲಲ್ಲಿ ಮಾತ್ರ,
ಅಲ್ಲಿ ಹುಳಿ ವಾಸನೆ, ಎಡಕ್ಕೆ ವಾಲಿದರೆ ಮೂರು ಕಡ್ಡಿ.

ಮೊದಲ ಪ್ರೋಗ್ರಾಂ ನನ್ನದೇ ಕಸುಬು:
ಗೋಣಿಯ ತೂಕ ಕಳೆ, ಉಳಿದದ್ದು ಕೂಡು, ಕೂಲಿ ಹೇಳು.
ಹೇಳಿತು. ಹನ್ನೊಂದು ಜನಕ್ಕೆ.
ಸಾಲಿನಲ್ಲಿದ್ದವರು ಹನ್ನೆರಡು.
ಬಿಟ್ಟುಹೋದವಳು ಚೋಮಿ,
ದಿನಾ ಎಲ್ಲರಿಗಿಂತ ಮುಂದೆ ನಿಲ್ಲುವವಳು.
ಶಿಶುವಿಹಾರ ಮುಚ್ಚುವ ಮೊದಲು ಮಗುವನ್ನು ಎತ್ತಿಕೊಳ್ಳಬೇಕು ಅವಳಿಗೆ.

ಮೂರು ರಾತ್ರಿ ನೋಡಿದ ಸಾಲನ್ನೇ ನೋಡಿದೆ.
ನಮ್ಮ ಕಡೆಯ ಸೀರೆಗೆ ನೆರಿಗೆ ಬೆನ್ನ ಹಿಂದೆ;
ಸರಿ ಕೂತಿದೆಯೋ ಇಲ್ಲವೋ ಇನ್ನೊಬ್ಬಳೇ ಹೇಳಬೇಕು.
ಕೇಳಿದೆ. ಕೇಳುವ ಮುನ್ನ ಐದು ಸಲ ಬರೆದು ಅಳಿಸಿ,
'ಇದು ದಡ್ಡ ಪ್ರಶ್ನೆ ಇರಬಹುದು' ಎಂದು ಮೊದಲಿಟ್ಟು.

ಮೊದಲು ಬಂದದ್ದು ಅರಣ್ಯ ಇಲಾಖೆಯ ಸಂದೇಶ:
ಆನೆ, ಮೂರನೇ ಬ್ಲಾಕು, ಹೊರಗೆ ಬರಬೇಡಿ.
ಮೆಟ್ಟಿಲ ಮೇಲೆಯೇ ಇದ್ದೆ.
ಎರಡನೆಯದು ಲಿಂಗಸುಗೂರಿನ ಹುಲಿಗೆವ್ವನದು:
'ಅಕ್ಕಾರ, ಉತ್ತರ ನಾ ಹೇಳಂಗಿಲ್ರಿ.
ಸಾಲಿನಾಗ ಮೊದಲ ನಿಂತಾಕಿಗೆ ನೀವು ಎಷ್ಟನೇ ನಂಬರ ಕೊಟ್ಟೀರಿ?
ಮಶೀನ ಎಷ್ಟು ಕೊಡ್ತದ?'

ಸಿಟ್ಟು ಬಂತು. ಹೇಳಿಬಿಟ್ಟರೆ ಇವಳ ಗಂಟೇನು ಹೋಗುತ್ತಿತ್ತು?
ಶೆಡ್ಡಿನೊಳಗೆ ಸರಿದು ಬಾಗಿಲು ಹಾಕಿ
ಕತ್ತಲಲ್ಲಿ ಬೆರಳು ಮಡಿಚಿದೆ.
ಅಜ್ಜಿ ಕಣದಲ್ಲಿ ಭತ್ತ ಅಳೆಯುವಾಗ
'ಒಂದು' ಅಂದದ್ದೇ ಇಲ್ಲ.
ಮೊದಲ ಸೇರಿಗೆ 'ಲಾಭ' ಎನ್ನುವಳು, ಆಮೇಲೆ ಎರಡು, ಮೂರು.
ಈ ಯಂತ್ರಕ್ಕೂ ಮೊದಲನೆಯದಕ್ಕೆ ಬೇರೆಯೇ ಹೆಸರು: ಸೊನ್ನೆ.
ನಾನು ಒಂದರಿಂದ ಶುರು ಮಾಡಿ
ಲಾಭವನ್ನೇ ಹೊರಗೆ ನಿಲ್ಲಿಸಿದ್ದೆ.

ಚೋಮಿ ಬಂದಳು. ಐವತ್ತಾರು ಕಿಲೋ.

ಏಳನೇ ವಾರ ಮುಳಬಾಗಿಲಿನ ಪಿಳ್ಳಪ್ಪನವರು,
ನಿವೃತ್ತ ಕಂಡಕ್ಟರು, ಇದೇ ಹೊಂಡಕ್ಕೆ ಬಿದ್ದರು.
ಗೊತ್ತಿರುವ ಉತ್ತರ ಬಾಯಲ್ಲಿದ್ದರೆ
ಬಿಸಿ ಕಡುಂಬುಟ್ಟು ಇದ್ದ ಹಾಗೆ;
ಒಂಬತ್ತು ಸಾಲನ್ನೂ ಬರೆದು ಕಳಿಸಿಬಿಟ್ಟೆ.
ಕೈಮುಗಿದ ಚಿತ್ರ ಬಂತು.
ಮರುದಿನ ಬೇರೆ ಲೆಕ್ಕ, ಅದೇ ಹೊಂಡ, ಅದೇ ಮುಗಿದ ಕೈ.
ಹುಲಿಗೆವ್ವನ ಮೇಲಿನ ಸಿಟ್ಟು ಇಳಿದದ್ದು ಆಗ.

'ಸರ್, ನಿಮ್ಮ ಬಸ್ಸಿನಲ್ಲಿ ಒಂದನೇ ಸೀಟಿಗಿಂತ ಮುಂದೆ ಏನಿತ್ತು?'
ಹತ್ತು ನಿಮಿಷ ಏನಿಲ್ಲ. ಬೇಜಾರಾಯಿತೇನೋ ಅಂದುಕೊಂಡೆ.
ಆಮೇಲೆ:
'ನನ್ನ ಸೀಟಮ್ಮ. ಅದಕ್ಕೆ ನಂಬರೇ ಇರಲಿಲ್ಲ.'
ಮತ್ತೆ ಹತ್ತು ನಿಮಿಷ.
'ಮೂವತ್ತೊಂದು ವರ್ಷ ಸೊನ್ನೆಯ ಮೇಲೆ ಕೂತಿದ್ದೆನಾ ತಾಯಿ?'
ಮೆಟ್ಟಿಲ ಮೇಲೆ ಒಬ್ಬಳೇ ನಕ್ಕೆ.
ಅಜ್ಜಿಯ ಸೇರಿಗಿಂತ ಇದು ಚೆನ್ನಾಗಿತ್ತು;
ಹುಲಿಗೆವ್ವನಿಗೂ ಕಳಿಸಿದೆ.

ಇವತ್ತು ಚೋಮಿ ತಕ್ಕಡಿಗೆ ಚೀಲ ಇಟ್ಟಾಗ
ಬಾಯಿತಪ್ಪಿ 'ಲಾಭ' ಅಂದೆ.
ಅವಳು ಸೆರಗಿಗೆ ಕೈ ಒರೆಸಿಕೊಂಡು
ಮುಳ್ಳನ್ನೇ ನೋಡುತ್ತ ಕೇಳಿದಳು:
'ಯಾರಿಗೆ, ರೈಟ್ರಮ್ಮ?'

ಉತ್ತರ ನಾನು ಹೇಳಲಿಲ್ಲ.
'ಐವತ್ತೆಂಟು' ಅಂದೆ, ಬರೆದುಕೊಂಡೆ.
ಪೆನ್ನಿನಲ್ಲಿ ಎಂಟು ಸಲೀಸು.