ಗುಂಡಿಯಲ್ಲಿ ಕೂತವನ ಲೆಕ್ಕ

ನೆರಳಿನ ಚಪ್ಪರದಡಿ ಅವರು ವಾದಿಸುವುದೆಲ್ಲ
ಹೊರಡುವ ಕಡೆಯ ಲೆಕ್ಕ.
ನಾನು ಸಾವಿರ ಮೀಟರ್ ಈಚೆ, ಕಾಂಕ್ರೀಟಿನ ಗುಂಡಿಯೊಳಗೆ
ಗುರಿಹಲಗೆ ಇಳಿಸಿ ತೂತಿಗೆ ಮೈದಾ ಗೋಂದು ಹಚ್ಚುವವನು.
ನನ್ನದು ಬಂದು ತಲುಪುವ ಕಡೆಯದು.

ಮುಧೋಳ ಡಿಪೋದಲ್ಲಿದ್ದಾಗ
ಬಸ್ಸು ತಿರುವಿನಾಚೆ ಇರುವಾಗಲೇ ನಂಬರು ಹೇಳುತ್ತಿದ್ದೆ.
ಅದೇ ಕಿವಿ ಈಗ ನಿಜ್ವಾದ ಹೊರಗೆ, ಬೋಳುಗುಡ್ಡಗಳ ನಡುವೆ,
ತಿಂಗಳಿಗೆ ನೂರಾ ನಲವತ್ತು ರಿಯಾಲಿಗೆ ದುಡಿಯುತ್ತಿದೆ.

ಆರೂವರೆ ಬಂದರೆ ಹಸಿ ಕಬ್ಬಿನ ಗಣಿಕೆ ಮುರಿದ ಹಾಗೆ:
ಚಟ್.
ಅಷ್ಟೇ. ಸಪೂರ ಮೈ, ನೀಳ ಮೂಗು,
ಗಾಳಿಯ ಜೊತೆ ಹೆಚ್ಚು ಮಾತಿಗೆ ನಿಲ್ಲುವುದಿಲ್ಲ.
ಮುನ್ನೂರ ಎಂಟು ಹಳೇ ಲೈಲ್ಯಾಂಡ್.
ಹೊರಡುವಾಗ ಜೋರು; ಇಲ್ಲಿಗೆ ಬರುವಷ್ಟರಲ್ಲಿ
ಒಂದು ಖರ್ಜೂರದ ಮರದೆತ್ತರ ಇಳಿದು,
ಗಾಳಿ ತಳ್ಳಿದತ್ತ ಒಂದಾಳು ಸರಿದು,
ಜನವರಿಯ ಬೆಳಗಿನ ತಂಪಿಗಂತೂ ಸದ್ದಿಗಿಂತ ಹಿಂದೆ ಬಿದ್ದು
ಬುಸ್ಸೆಂದು ಹಲಗೆಗೆ ಒರಗುತ್ತದೆ.
ಮಧ್ಯಾಹ್ನ ಗಾಳಿ ಕಾದು ತೆಳುವಾದ ಮೇಲೆ
ಅದಕ್ಕೂ ಒಮ್ಮೊಮ್ಮೆ ಚಟ್ ಎನ್ನುವ ಪ್ರಾಯ ಮರಳುತ್ತದೆ.

ಇದನ್ನು ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ.

ಹೈಥಮನದು ಆರೂವರೆ. ಕಜಕಸ್ತಾನಕ್ಕೆ ಹೋಗಿ
ಬಾಗುಕೊಂಬಿನ ಕಾಡುಮೇಕೆ ಹೊಡೆದು ಬಂದವನು. ಫೋನಿನಲ್ಲಿ ಫೋಟೋ ಇದೆ:
ಹಿಮದಲ್ಲಿ ಮೇಕೆ ನಿದ್ದೆಹೋದಂತಿದೆ, ಅವನು ನಗುತ್ತಿದ್ದಾನೆ.
ಅವನ ಮಾವ ಮರ್ಹೂನನದು ಮುನ್ನೂರ ಎಂಟು:
“ನಿನ್ನದು ಎರಡೂವರೆ ಸಾವಿರ ಗುಂಡಿಗೆ ನಳಿಗೆ ತಿಂದುಹಾಕುತ್ತದೆ,
ನನ್ನದು ಅದರ ಎರಡರಷ್ಟು ಬಾಳುತ್ತದೆ, ಹುಡುಗಾ.”
ಒಬ್ಬ ಮುನ್ನೂರರ ಮ್ಯಾಗ್ನಂ ತಂದಿದ್ದ;
ಹೆಗಲು ನೀಲಿಗಟ್ಟಿಸಿಕೊಂಡು ಹೋದವನು ಮತ್ತೆ ಬರಲಿಲ್ಲ.

ಮುದುಕ ಖಲ್ಫಾನ್ ಈ ವಾದಕ್ಕೆ ಬಾಯಿ ಹಾಕುವುದಿಲ್ಲ.
ಅವನ ಕೋವಿ, ನಮ್ಮೂರ ಠಾಣೆಯ ಗೋಡೆಗೊರಗಿದ್ದ
ಅದೇ ತ್ರೀ ನಾಟ್ ತ್ರೀ.
ಗುಂಡು ದಾರಿಯಲ್ಲೇ ಲಾಗ ಹಾಕಿ, ಅಡ್ಡಡ್ಡ ಬಂದು
ಬೀಗದ ಕಿಂಡಿಯಂಥ ತೂತು ಕೊರೆಯುತ್ತದೆ.
ಅದಕ್ಕೆ ಒಂದು ಚೂರು ಕಾಗದ ಸಾಲದು, ಎರಡು ಬೇಕು.

ಮೊದಲ ವಾರ ಪ್ರತಿ ಸದ್ದಿಗೂ ನನ್ನ ಕುತ್ತಿಗೆ ಹೆಗಲೊಳಗೆ ಇಳಿಯುತ್ತಿತ್ತು.
ಜೊತೆಗಾರ, ಬಲೂಚಿಯವನು, ಡಾದ್ ಕರೀಂ, ನಕ್ಕ:
ಕೇಳಿಸಿತಾ? ಹಾಗಾದರೆ ಅದು ದಾಟಿಹೋಯಿತು.

ನಿನ್ನೆ ಹೈಥಮ್ ತನ್ನ ತೂತುಗಳನ್ನು ತಾನೇ ನೋಡಲು
ಗುಂಡಿಯವರೆಗೂ ನಡೆದು ಬಂದ.
“ನೀನು ಹೇಳು, ಯಾವುದು ಒಳ್ಳೆಯದು?”
ಮುರುಕು ಹಿಂದಿಯಲ್ಲಿ ಕೇಳಿದ.
ನನಗೆ ಆ ಮೇಕೆ ನೆನಪಾಯಿತು.
ಚಟ್ ಎಂದದ್ದು ಅದಕ್ಕೆ ಕೇಳಿಸಿರಲಿಕ್ಕಿಲ್ಲ.
“ಆರೂವರೆ, ಸಾಹೇಬ್,” ಅಂದೆ.
ಖುಷಿಯಾಗಿ ಒಂದು ರಿಯಾಲ್ ಕೊಟ್ಟ. ಇಸಕೊಂಡೆ.

ಸಂಜೆ ಅತ್ತ ಹೋಗಿ ಖಾಲಿ ತೋಟಾ ಆರಿಸುವುದೂ ನಮ್ಮದೇ ಪಾಳಿ.
ಮನೆಯಲ್ಲಿ ಮತ್ತೆ ಮದ್ದು ತುಂಬಿಕೊಳ್ಳುವವರು ಒಳ್ಳೆಯವನ್ನು ಒಯ್ದಿರುತ್ತಾರೆ,
ಸೀಳಿದ್ದು, ಸೊಟ್ಟಗಾದದ್ದು ಗುಜರಿಯ ತಕ್ಕಡಿಗೆ.
ಬಕೆಟ್ ಎತ್ತಿದರೆ
ಕಂಡಕ್ಟರನ ಚಿಲ್ಲರೆ ಚೀಲದ ಸದ್ದು.
ಇದು ಮಾತ್ರ ಯಾವ ನಂಬರಿನದೋ
ಕಿವಿಗೆ ಹತ್ತುವುದಿಲ್ಲ.