ಸದ್ದಿಲ್ಲದ ಕೀಲು

ನನ್ನ ಮೊಣಕೈ ಲಟಕ್ಕೆಂದಾಗಲೆಲ್ಲ
ನೆನಪಾಗುವುದು ಏಮ್ಸ್‌ಬರಿಯ ಆ ಕುಲುಮೆ,
ಹೋಸಿಯಾ ಟಕ್ಸ್‌ಬರಿಯ ಸುಟ್ಟ ಹುಬ್ಬು,
ಡಾಕ್ಟರ್ ಸಾಟೆಲ್‌ರ ಕುದುರೆಗಾಡಿಯ ಮುಸುಕು.

ಕ್ವಿಬೆಕ್ಕಿನಿಂದ ಬಂದ ಹುಡುಗ ನಾನು, ಹದಿನಾಲ್ಕರವನು.
ಇಂಗ್ಲಿಷು ಬಾರದು. ತಿದಿ ಒತ್ತಲು ಭಾಷೆ ಯಾಕೆ?
ಕಲಿತ ಮೊದಲ ಮಾತುಗಳೆಲ್ಲ ಗಾಡಿಯವೇ:
ಬಿಲ್ಲು, ಸರಳು, ತಿರುಪು, ಬಿರಡೆ.
'ದಯವಿಟ್ಟು' ನಾಲಗೆಗೆ ಬಂದದ್ದು
ಮುಂದಿನ ಚಳಿಗಾಲಕ್ಕೆ.

ಮಡಿಸುವ ಮುಸುಕೆಂದರೆ ಏನೆಂದುಕೊಂಡಿರಿ?
ಹಬೆಯಲ್ಲಿ ಬಗ್ಗಿಸಿದ ನಾಲ್ಕು ಮರದ ಬಿಲ್ಲು,
ಮೇಲೆ ಎಣ್ಣೆ ಕುಡಿದ ತೊಗಲು,
ಎರಡೂ ಪಕ್ಕೆಗೆ ಕಬ್ಬಿಣದ ಮೊಣಕೈ.
ಚಾಚಿದರೆ ಸೂರು, ಮಡಚಿದರೆ ಬಯಲು.
ಅಷ್ಟೂ ಭಾರ ಕಿರುಬೆರಳಷ್ಟಿದ್ದ ಒಂದು ಮೊಳೆಯ ಮೇಲೆ.

ಮೊಳೆ ತಿರುಗಿ ತಿರುಗಿ ತೂತು ಸವೆಯುವುದು,
ದುಂಡಗಿದ್ದದ್ದು ಮೊಟ್ಟೆಯಾಗುವುದು,
ಮೊಟ್ಟೆಯೊಡೆದು ಗದ್ದಲ ಹೊರಬರುವುದು:
ಲಟಪಟ ಲಟಪಟ, ಊರ ಈ ತುದಿಯಿಂದ ಆ ತುದಿಗೆ.
ಬಿಗಿದರೆ ಮಡಿಯದು. ಸಡಿಲಿಸಿದರೆ
ನಡುದಾರಿಯಲ್ಲಿ ಗಾಳಿಗೆ
ಮಾಡೇ ಟೋಪಿಯ ಮೇಲೆ ಕುಸಿಯುವುದು.

ಕುಸಿಯಿತು ಕೂಡ. ಫೆಬ್ರವರಿ, ಪೊವಾವ್ ಗುಡ್ಡದ ಇಳಿಜಾರು.
ಡಾಕ್ಟರರ ಬೆರಳು ಕೀಲಿನ ಬಾಯಿಗೆ ಸಿಕ್ಕಿತು,
ಉಗುರು ಹೋಯಿತು.
ಮರುಬೆಳಗ್ಗೆ, ಬಟ್ಟೆ ಸುತ್ತಿದ ಬೆರಳನ್ನು
ಅಡೆಗಲ್ಲಿನ ಮೇಲಿಟ್ಟು ಅಂದರು:
"ಟಕ್ಸ್‌ಬರಿ, ಮನುಷ್ಯನ ಕೀಲು ನನಗೆ ಗೊತ್ತು.
ಅಲ್ಲಿ ಎಲುಬಿಗೆ ಎಲುಬು ತಾಕುವುದಿಲ್ಲ,
ನಡುವೆ ಮೆತ್ತನೆಯದೊಂದು ಇದೆ."
ಹಾಗಂದು ಹೋದರು. ಹಳೇ ಬಾಕಿಯ ಮಾತೆತ್ತಲಿಲ್ಲ.

ಹಿತ್ತಾಳೆ ಬಳೆ ಇಟ್ಟೆವು, ಕಿರುಗುಟ್ಟಿತು.
ಸೀಸ ಇಟ್ಟೆವು, ಹಿಂಡಿಹೋಯಿತು.
ರಬ್ಬರು ಹಿಮದಲ್ಲಿ ಕಲ್ಲಾಯಿತು.
ಸತ್ತ ಹೆಣ್ಣುಕುದುರೆಯ ಲಗಾಮು ಗೋಡೆಯಲ್ಲಿ ತೂಗುತ್ತಿತ್ತು,
ಯಜಮಾನ ಅದನ್ನು ಎರಡು ದಿನ ನೋಡಿದ, ಮೂರನೆಯ ದಿನ ಕತ್ತರಿಸಿದ.
ಕೊಬ್ಬಿನಲ್ಲಿ ಕುದಿಸಿ ಬಿಲ್ಲೆ ಹೊಡೆದೆವು.
ಆದರೂ ಸವೆತ ಸವೆತವೇ.

ಆಗ ಊಟಕ್ಕೆ ಕರೆಯಲು ಬಂದ ಲವೀನಾ,
ಸೊಂಟದಲ್ಲಿ ಕಾಡಿಗೆಯ ಜಾಡಿಯಲ್ಲ, ವಿನೆಗರಿನ ಜಾಡಿ,
"ನನ್ನ ಬಿರಡೆ ಸಡಿಲಾದರೆ
ಇನ್ನೊಂಚೂರು ಒಳಗೆ ಒತ್ತುತ್ತೇನಪ್ಪ" ಅಂದಳು.
ಬಿರಡೆ! ನನಗೆ ಗೊತ್ತಿದ್ದ ಮಾತು.
ಮೊಳೆಯನ್ನು ಮೊನೆಯತ್ತ ಸಣ್ಣಗೆ ಅರೆದೆವು,
ತೂತನ್ನೂ ಅದೇ ಓರೆಗೆ.
ಸವೆದಷ್ಟೂ ತಿರುಪು ಅರ್ಧ ಸುತ್ತು, ಕೀಲು ಮತ್ತೆ ಹೊಸತು.

ವಾಷಿಂಗ್ಟನ್ನಿನಿಂದ ಮೊಹರಿನ ಕಾಗದ ಬಂತು.
ಚಿತ್ರದಲ್ಲಿ ಎ, ಬಿ, ಸಿ, ಡಿ.
ಲವೀನಾ ಯಾವ ಅಕ್ಷರ ಎಂದು ಹುಡುಕಿದೆ.
ಬೆರಳೂ ಇರಲಿಲ್ಲ.

ಜೂನಿನಲ್ಲಿ ಫಿಲೂರಾ ಕರಿಯರ್ ಬಂದಳು,
ಮೂಲೆಮನೆಯ ವಿಧವೆ, ಕೊಡೆಯಿಂದ ಬಾಗಿಲು ಕುಟ್ಟಿ:
"ಏನು ಮಾಡಿಬಿಟ್ಟೆ ಹೋಸಿಯಾ? ಆ ಲಟಪಟ
ಗಿರಣಿ ಬೀದಿಗೆ ತಿರುಗಿದರೆ ಹೆರಿಗೆ,
ಹೊಳೆಯ ಕಡೆಗಾದರೆ ಮುದುಕ ಗಾಸ್.
ಎದ್ದು ಹಿಟ್ಟು ನಾದುತ್ತಿದ್ದೆ, ಬೆಳಗಾದರೆ ರೊಟ್ಟಿ ಒಯ್ಯುತ್ತಿದ್ದೆ.
ಗಾಸ್ ಸತ್ತದ್ದು ನನಗೆ ತಿಳಿದದ್ದು
ಮಣ್ಣು ಮುಚ್ಚಿದ ಮೇಲೆ."

ಯಜಮಾನ ಇಕ್ಕುಳ ಕೆಳಗಿಟ್ಟ. ಎತ್ತಿಕೊಂಡ.
"ಮೂವತ್ತೊಂದು ಡಾಲರು ಖರ್ಚಾಗಿದೆ ಆ ಮೌನಕ್ಕೆ" ಅಂದ.
ಆ ರಾತ್ರಿ ಹುಲ್ಲಟ್ಟದ ಮೇಲೆ ಮಲಗಿ ಕಿವಿಗೊಟ್ಟೆ:
ಗೊರಸು, ಗೊರಸು, ಕತ್ತಲೆ.
ಯಾರ ಮನೆಗೋ.

ಈಗ ಗಾಡಿಗಳಿಲ್ಲ. ಓರೆ ಮೊಳೆಯೊಂದು
ಕಿಟಕಿಯ ಮೇಲೆ ಬಿದ್ದಿದೆ, ಮೊಮ್ಮಗನ ಬುಗುರಿಗಾಗುತ್ತದೆ.
ನಡುರಾತ್ರಿ ಏಳುತ್ತೇನೆ. ಮೊಣಕೈ ಲಟಕ್.
ಗೋಡೆಯಾಚೆಯಿಂದ ಸೊಸೆ,
ನಿದ್ದೆಗಣ್ಣಿನ ಫ್ರೆಂಚಿನಲ್ಲಿ:
"ನೀರು ಬೇಕೆ, ಮಾವ?"